ಅಡುಗೆಮನೆ ಚಾವಣಿಯ ಹಳದಿ ಕಲೆ

ಈ ಕಲೆ ನೋಡಿ. ಕಾರವಾರದ ನಮ್ಮ ಮನೆ, ಅಡುಗೆಮನೆ ಚಾವಣಿ, ಟ್ಯೂಬ್‌ಲೈಟ್ ಪಕ್ಕ. ನಡುವೆ ಹಳದಿ, ಅಂಚಿಗೆ ಒಂದೆರಡು ಸಾಸಿವೆ ಗಾತ್ರದ ಚುಕ್ಕಿ. ಹೋದ ಮಳೆಗಾಲದಲ್ಲಿ ದಾಳಿತೋಯಕ್ಕೆ ಇಟ್ಟ ಬೇಳೆ ಅದು. ಹಳೇ ಕುಕ್ಕರಿನ ಮುಚ್ಚಳವನ್ನು ನಾನು ಅವಸರಕ್ಕೆ ಬಿದ್ದು ಎಳೆದೆ. ಪುಣ್ಯಕ್ಕೆ ಕೈ ಸುಡಲಿಲ್ಲ. ಬೈಗುಳ ಮಾತ್ರ ಜಾಸ್ತಿ ಸಿಕ್ಕಿತು.

ಒಲೆ ಆರಿಸಿ ಎರಡು ನಿಮಿಷ ಆಗಿತ್ತು. ಒಳಗೆ ಸದ್ದೇ ಇರಲಿಲ್ಲ. ಮತ್ತೆ ಬೇಳೆ ಹಾರಿದ್ದು ಹೇಗೆ?

ಸೀಟಿ ಹೊಡೆಯುವಾಗ ಕುಕ್ಕರಿನೊಳಗಿನ ಒತ್ತಡ ಹೊರಗಿನದರ ಎರಡು ಪಟ್ಟು. ನೀರು ಸುಮಾರು 120 ಡಿಗ್ರಿ. ಎರಡು ನಿಮಿಷಕ್ಕೆ ಸ್ವಲ್ಪ ಇಳಿದಿರುತ್ತೆ, ಆದರೂ ನೂರಕ್ಕಿಂತ ಮೇಲೇ. ಒತ್ತಡ ಅದುಮಿ ಹಿಡಿದಿರುವ ತನಕ ಅದು ನೀರಾಗಿ ಸುಮ್ನೆ ಕೂತಿರುತ್ತೆ. ಮುಚ್ಚಳ ಬಿಟ್ಟಿತೋ, ಮೇಲಿನ ಪದರ ಮಾತ್ರ ಅಲ್ಲ, ತಳದಿಂದಲೇ ಒಟ್ಟಿಗೆ ಕುದಿಯುತ್ತದೆ. ಪಕ್ಕದಲ್ಲಿದ್ದ ಬೇಳೆ ಪಾಪ, ಏನು ಮಾಡುತ್ತೆ!

ಇದು ಕಾಳಿ ನದಿ. ಇದರ ದಂಡೆ ಹಿಡಿದು ಮೇಲೆ ಹೋದರೆ ಕೈಗಾ ಅಣುವಿದ್ಯುತ್ ಸ್ಥಾವರ. ಅಲ್ಲಿ ರಿಯಾಕ್ಟರಿನೊಳಗೆ ಭಾರಜಲ, ಅಂದ್ರೆ ಮಾಮೂಲಿಗಿಂತ ತುಸು ತೂಕದ ನೀರು, ಸುಮಾರು 290 ಡಿಗ್ರಿ ಬಿಸಿಯಲ್ಲಿ ಓಡುತ್ತಿರುತ್ತೆ. ಕುದಿಯುವುದಿಲ್ಲ. ಎಂಬತ್ತಕ್ಕೂ ಜಾಸ್ತಿ ವಾತಾವರಣದ ಒತ್ತಡ ಅದನ್ನು ಹಿಡಿದಿಟ್ಟಿದೆ (ಒಂದು ವಾತಾವರಣ ಅಂದ್ರೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆಯಿತು. ಒಂದೂ ಸೀಟಿ ಇಲ್ಲ!

ಈಗ ಟಾಗೋರ್ ಬೀಚ್. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. ದೂರದ ಅಟ್ಲಾಂಟಿಕ್‌ನಲ್ಲಿ, ಸುಮಾರು ಮೂರು ಕಿಲೋಮೀಟರ್ ಆಳದಲ್ಲಿ, ತಳದ ಬಿರುಕುಗಳಿಂದ 407 ಡಿಗ್ರಿ ಬಿಸಿಯ ನೀರು ಹೊರಬರುವುದನ್ನು ಅಳೆದಿದ್ದಾರೆ. ನೀರು ಅಂದೆ, ತಪ್ಪು. 407 ಡಿಗ್ರಿ, ಮುನ್ನೂರು ವಾತಾವರಣದ ಹತ್ತಿರದ ಒತ್ತಡ, ಉಪ್ಪುನೀರಿನ ಮಟ್ಟಿಗೆ ಇದೇ ಗಡಿ. ಅದನ್ನು ದಾಟಿದರೆ ಕುದಿಯುವುದು ಅನ್ನೋದೇ ಇಲ್ಲ. ನೀರಾ, ಆವಿಯಾ ಅಂತ ಕೇಳಿದರೆ ಉತ್ತರವೂ ಇಲ್ಲ.

ನನಗೆ ಇದಕ್ಕಿಂತ ಇಷ್ಟ ಆಗಿದ್ದು ಮಂಜುಗಡ್ಡೆಯ ಕಥೆ. ಮಾಮೂಲಿ ನೀರನ್ನು, ಫ್ರಿಜ್ ಇಲ್ಲದೆ, ಇಪ್ಪತ್ತು ಸಾವಿರ ವಾತಾವರಣಕ್ಕೂ ಮಿಕ್ಕಿ ಒತ್ತಿದರೆ ಗಡ್ಡೆ ಕಟ್ಟುತ್ತೆ. ನೀರಲ್ಲಿ ಮುಳುಗುವ ಗಡ್ಡೆ. ಅದಕ್ಕೆ ಐಸ್ ಸೆವೆನ್ ಅಂತ ಹೆಸರು. ಇನ್ನೂ ಒತ್ತಿದರೆ ನೂರು ಡಿಗ್ರಿಯಲ್ಲೂ ಕರಗಲ್ಲ. 2018ರಲ್ಲಿ ಇದು ವಜ್ರಗಳ ಹೊಟ್ಟೆಯಲ್ಲಿ ಸಿಕ್ಕಿತು. ಭೂಮಿಯ ನೂರಾರು ಕಿಲೋಮೀಟರ್ ಆಳದಲ್ಲಿ ವಜ್ರದೊಳಗೆ ಸಿಕ್ಕಿಕೊಂಡ ನೀರು. ಮೇಲೆ ಬರುತ್ತಾ ವಜ್ರ ತಣ್ಣಗಾಯಿತು, ಆದರೆ ಜಗ್ಗಲಿಲ್ಲ. ಒತ್ತಡ ಒಳಗೇ ಉಳಿಯಿತು, ನೀರು ಅಲ್ಲೇ ಗಡ್ಡೆ ಕಟ್ಟಿತು.

ಮುಚ್ಚಳ ಅಂದ್ರೆ ಅದು, ಅಲ್ವಾ? ನಮ್ಮ ಕುಕ್ಕರಿಗೆ ಗ್ಯಾಸ್ಕೆಟ್ ತರಬೇಕು, ಅಂಗಡಿ ಮುಚ್ಚೋದರೊಳಗೆ ಹೊರಟೆ.