ಹಾಲ್‌ನ ಗೋಡೆಗೆ ಗ್ರೇ ಹೊಡೆಸುವ ಮುಂಚೆ ಕಿಟಕಿ ನೋಡಿ

ನಮಸ್ಕಾರ. ಇವತ್ತು ಗೋಡೆ ಬಣ್ಣದ ಮಾತು. ಅದರಲ್ಲೂ ಕೂಲ್ ಗ್ರೇ, ಅಂದರೆ ಸ್ವಲ್ಪ ನೀಲಿ ಬೆರೆತ ಬೂದು ಬಣ್ಣ. ನನಗೆ ಈ ಬಣ್ಣ ತುಂಬಾ ಇಷ್ಟ. ಆದರೆ ಸುಮ್ನೆ ಫೋಟೋ ನೋಡಿ ನಾಲ್ಕೂ ಗೋಡೆಗೆ ಹೊಡೆಸಬೇಡಿ. ನಾನು ಹೊಡೆಸಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಹಾಲ್‌ನ ಕಿಟಕಿ ಉತ್ತರಕ್ಕಿದೆ. ಶೇಡ್ ಕಾರ್ಡ್‌ನಲ್ಲಿ ಎರಡು ಬೆರಳಗಲದ ಚೂರು ನೋಡಿ ಇದೇ ಇರಲಿ ಅಂದೆ. ಪುಟ್ಟಿ, ಪ್ರೈಮರ್, ಎರಡು ಕೋಟ್ ಎಲ್ಲ ಮುಗಿದು ಒಣಗಿದ ಮೇಲೆ ನೋಡಿದರೆ ಗೋಡೆ ಬೂದು ಬಣ್ಣವಾಗಿರಲಿಲ್ಲ, ಮಂಕು ನೀಲಿಯಾಗಿತ್ತು. ಪೇಂಟರ್ ತಪ್ಪೇನೂ ಇಲ್ಲ. ಉತ್ತರದ ಕಿಟಕಿಗೆ ನೇರ ಬಿಸಿಲು ಕಡಿಮೆ, ಬರುವುದು ಜಾಸ್ತಿ ಆಕಾಶದ ಬೆಳಕು, ಅದರಲ್ಲೇ ನೀಲಿ ಇರುತ್ತದೆ, ಜೊತೆಗೆ ಗೋಡೆಯ ಬಣ್ಣ ಎದುರು ಗೋಡೆಗೆ ಬಿದ್ದು ಇನ್ನಷ್ಟು ಗಾಢವಾಗುತ್ತದೆ. ಅದೂ ಜುಲೈ, ದಿನವಿಡೀ ಮೋಡ. ರಾತ್ರಿ 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ, ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯ ಕಡೆಗೆ) ಬಿಳಿ ಟ್ಯೂಬ್‌ಲೈಟ್ ಹಾಕಿದರೆ ತಟ್ಟೆಯಲ್ಲಿದ್ದ ಸಾರಿನ ಕೆಂಪೂ ಕಳೆಗುಂದಿ ಕಾಣುತ್ತಿತ್ತು. ಅಮ್ಮ ಸಂಜೆ ಹಾಲ್‌ನಲ್ಲಿ ಕೂರುವುದನ್ನೇ ಬಿಟ್ಟು ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡರು.

ಗೋಡೆಗೆ ತಂಪು ಬಣ್ಣ ನಮಗೇನು ಹೊಸದಲ್ಲ ಅಲ್ವಾ? ಹಬ್ಬಕ್ಕೆ ಸುಣ್ಣ ಬಳಿಯುವಾಗ ಬಕೆಟ್‌ಗೆ ಒಂಚೂರು ನೀಲಿ ಹಾಕುತ್ತಿದ್ದರು, ಹಳದಿ ಅಡಗಿ ಬಿಳುಪು ಎದ್ದು ಕಾಣಲಿ ಅಂತ. ಆದರೆ ಆ ಮನೆಗಳಲ್ಲಿ ಕಾಲಡಿಗೆ ರೆಡ್ ಆಕ್ಸೈಡ್ ನೆಲ ಇತ್ತು, ತಲೆ ಮೇಲೆ ಹಂಚು, ಮರದ ತೊಲೆ, ಕೈಗೆ ತಾಗಿ ತಾಗಿ ನುಣುಪಾದ ತೇಗದ ಬಾಗಿಲು. ಗೋಡೆ ತಣ್ಣಗಿದ್ದರೂ ಮನೆ ಬೆಚ್ಚಗಿತ್ತು. ಈಗ ಬಿಳಿ ವಿಟ್ರಿಫೈಡ್ ಟೈಲ್ಸ್, ಅಲ್ಯೂಮಿನಿಯಂ ಕಿಟಕಿ, ಬಿಳಿ ಟ್ಯೂಬ್, ಅದರ ಜೊತೆಗೆ ಕೂಲ್ ಗ್ರೇ. ಬೆಚ್ಚಗಿನದು ಒಂದಾದರೂ ಬೇಡವೇ?

ನಾನು ಮೊದಲು ಬದಲಾಯಿಸಿದ್ದು ಲೈಟು. 3000 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದ ರಾತ್ರಿಯೇ ಅರ್ಧ ಸಮಸ್ಯೆ ಕಳೆಯಿತು. ಆಮೇಲೆ ಮೂರು ಗೋಡೆಗೆ ಕೆನೆ ಬಿಳಿ ಹೊಡೆಸಿ, ಒಂದನ್ನು ಮಾತ್ರ ಗ್ರೇ ಉಳಿಸಿಕೊಂಡೆ. ಡಬ್ಬಿಯಲ್ಲಿ ಉಳಿದ ಅದೇ ಬಣ್ಣವನ್ನು ಪಶ್ಚಿಮಕ್ಕಿರುವ ಮಲಗುವ ಕೋಣೆಗೆ ಬಳಿಸಿದೆವು. ಅಲ್ಲಿ ನೋಡಬೇಕು ನೀವು! ಸಂಜೆ ನಾಲ್ಕರ ಬಿಸಿಲಿನ ಹಳದಿ ಬಿದ್ದರೆ ಆ ನೀಲಿ ಅಡಗಿ, ಗೋಡೆ ಪಾರಿವಾಳದ ರೆಕ್ಕೆಯ ಹಾಗೆ ಮೆತ್ತಗೆ ಕಾಣುತ್ತದೆ. ಮೊದಲು ಕಣ್ಣಿಗೆ ಚುಚ್ಚುತ್ತಿದ್ದ ಬಿಸಿಲೂ ಈಗ ಹಿತ.

ಹಾಗಾಗಿ ಪೂರ್ತಿ ಡಬ್ಬಿ ತರುವ ಮುಂಚೆ ಸ್ಯಾಂಪಲ್ ಡಬ್ಬಿ ತನ್ನಿ. ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಬಳಿಯಿರಿ. ಒಣಗಿದ ಮೇಲೆ ಕಿಟಕಿ ಪಕ್ಕ ಒಂದು ದಿನ, ಕತ್ತಲ ಮೂಲೆಯಲ್ಲಿ ಒಂದು ದಿನ ಅಂಟಿಸಿ. ಬೆಳಗ್ಗೆ ನೋಡಿ, ಸಂಜೆ ನೋಡಿ, ರಾತ್ರಿ ಲೈಟ್ ಹಾಕಿ ಊಟಕ್ಕೆ ಕೂತಾಗಲೂ ಒಮ್ಮೆ ನೋಡಿ. ಮನೆಯಲ್ಲಿ ಜಾಸ್ತಿ ಹೊತ್ತು ಇರುವವರು ಯಾರೋ, ಅವರನ್ನೂ ಕರೆದು ತೋರಿಸಿ.