ಮರಳಿ ಬಂದ ವ್ಯಾಟ್ ಎಲ್ಲಿ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ–ಧಾರವಾಡದ ಹ್ಯಾಮ್ (ಹವ್ಯಾಸಿ) ರೇಡಿಯೊ ಗೆಳೆಯರು ಸೇರಿದಾಗಲೆಲ್ಲ ಕಿವಿಗೆ ಬೀಳುವ ಮಾತೊಂದಿದೆ: “ಎಸ್‌ಡಬ್ಲ್ಯುಆರ್ ಮೂರ ಐತ್ರಿ, ಕಾಲಭಾಗ ಪವರ್ ಹಾಳಾತು.” ಎಸ್‌ಡಬ್ಲ್ಯುಆರ್ ಎಂದರೆ ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದಾಣಿಕೆ ತಪ್ಪಿದೆ ಎಂಬುದರ ಅಳತೆ; ಒಂದು ಎಂದರೆ ಪೂರ್ಣ ಹೊಂದಾಣಿಕೆ. ಈ ಲೆಕ್ಕದಲ್ಲಿ ಕಾಲುಭಾಗ ಎಂಬುದು ಸರಿ, ಹಾಳಾಯಿತು ಎಂಬುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

50 ಓಮ್‌ನ ಕೇಬಲ್ಲಿನ ತುದಿಗೆ 150 ಓಮ್‌ನ ಆಂಟೆನಾ ಇದ್ದರೆ ಎಸ್‌ಡಬ್ಲ್ಯುಆರ್ ಮೂರಾಗುತ್ತದೆ; ಅಲ್ಲಿಗೆ ತಲುಪಿದ ವೋಲ್ಟೇಜಿನ ಅರ್ಧ, ಅಂದರೆ ಶಕ್ತಿಯ ಶೇಕಡಾ 25ರಷ್ಟು, ಹಿಂದಿರುಗುತ್ತದೆ. ಆದರೆ ಟ್ರಾನ್ಸ್‌ಮಿಟರಿನ ಪಕ್ಕದಲ್ಲಿರುವ ಟ್ಯೂನರನ್ನು (ಯಂತ್ರಕ್ಕೂ ಕೇಬಲ್ಲಿಗೂ ಹೊಂದಾಣಿಕೆ ಮಾಡುವ ಪೆಟ್ಟಿಗೆಯನ್ನು) ಸರಿಯಾಗಿ ಹೊಂದಿಸಿದ್ದರೆ, ಹಾಗೆ ಬಂದ ಅಲೆ ಅಲ್ಲಿಂದ ಪುನಃ ಆಂಟೆನಾದ ಕಡೆಗೇ ಹೊರಡುತ್ತದೆ. ಕೇಬಲ್ಲಿನಲ್ಲಿ ನಷ್ಟವೇ ಇಲ್ಲವೆಂದು ಇಟ್ಟುಕೊಂಡರೆ, 100 ವ್ಯಾಟ್ ಕೊಡುವ ಯಂತ್ರವಿದ್ದರೂ ಟ್ಯೂನರಿನ ಆಚೆಗಿನ ಮೀಟರು ಮುಂದಕ್ಕೆ 133 ವ್ಯಾಟ್, ಹಿಂದಕ್ಕೆ 33 ವ್ಯಾಟ್ ತೋರಿಸುತ್ತದೆ, ಮತ್ತು ಇವೆರಡರ ವ್ಯತ್ಯಾಸವಾದ 100 ವ್ಯಾಟ್ ಪೂರ್ತಿಯಾಗಿ ಆಂಟೆನಾಕ್ಕೆ ಸೇರುತ್ತದೆ.

ಮರಳಿದ ಶಕ್ತಿ ಯಂತ್ರದೊಳಗೆ ನುಗ್ಗಿ ಟ್ರಾನ್ಸಿಸ್ಟರ್ ಸುಡುತ್ತದೆ ಎಂಬ ಭಯವೂ ವ್ಯಾಪಕವಾಗಿದೆ. ಟ್ಯೂನರ್ ಇಲ್ಲದಾಗ ಅಪಾಯವಿರುವುದು ನಿಜ. ಆದರೆ ಅದಕ್ಕೆ ಕಾರಣ, ಕೊನೆಯ ಹಂತದ ಟ್ರಾನ್ಸಿಸ್ಟರಿಗೆ ವಿನ್ಯಾಸದಲ್ಲಿ ಗೊತ್ತುಮಾಡಿದ ಇಂಪೀಡನ್ಸ್ (ಓಮ್ ಲೆಕ್ಕದ ತಡೆ) ಬದಲು ಬೇರೊಂದು ಎದುರಾಗಿ, ವೋಲ್ಟೇಜ್ ಅಥವಾ ಕರೆಂಟ್ ಮಿತಿ ಮೀರುವುದು. ಅದಕ್ಕಾಗಿಯೇ ಇಂದಿನ ಯಂತ್ರಗಳು ಎಸ್‌ಡಬ್ಲ್ಯುಆರ್ ಏರಿದೊಡನೆ ತಾವಾಗಿಯೇ ಪವರ್ ತಗ್ಗಿಸಿಕೊಳ್ಳುತ್ತವೆ.

ನಿಜವಾದ ನಷ್ಟವಾಗುವುದು ಕೇಬಲ್ಲಿನಲ್ಲಿ, ಶಾಖದ ರೂಪದಲ್ಲಿ. 15 ಮೀಟರ್ ಉದ್ದದ ಆರ್‌ಜಿ-58 ಎಂಬ ತೆಳು ರೇಡಿಯೊ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಡೆಸಿಬೆಲ್ (ಶಕ್ತಿ ಎಷ್ಟು ಇಳಿಯಿತೆಂಬುದರ ಅಳತೆ) ತಿನ್ನುತ್ತದೆ. ಎಸ್‌ಡಬ್ಲ್ಯುಆರ್ ಮೂರಾದಾಗ ಅದರ ಮೇಲೆ ಇನ್ನೊಂದು 0.3 ಡೆಸಿಬೆಲ್ ಸೇರುತ್ತದೆ, ಅಷ್ಟು ವ್ಯತ್ಯಾಸ ಕೇಳುವವರ ಕಿವಿಗೆ ತಿಳಿಯುವುದೂ ಇಲ್ಲ. ಅದೇ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಹೊಸದಿದ್ದಾಗಲೇ ಹತ್ತಿರಹತ್ತಿರ 3 ಡೆಸಿಬೆಲ್, ಎಂದರೆ ಅರ್ಧ ಶಕ್ತಿಯನ್ನು, ನುಂಗುತ್ತದೆ.

ಧಾರವಾಡದ ನಮ್ಮ ಮಾಳಿಗೆಯ ಮೇಲೆ ನಾನು ಕಟ್ಟಿದ್ದು ಇದೇ ಕೇಬಲ್. ಮೀಟರಿನ ಮುಳ್ಳು 1.7ರ ಆಸುಪಾಸಿನಲ್ಲಿ ನಿಂತಿದ್ದರಿಂದ ನಾನು ನೆಮ್ಮದಿಯಾಗಿದ್ದೆ. ಗದಗಿನ ಗೆಳೆಯರಿಗೆ ಮಾತ್ರ ನನ್ನ ದನಿ ತುಂಡುತುಂಡಾಗಿ ಕೇಳುತ್ತಿತ್ತು. ಮಳೆಗಾಲ ಮುಗಿದ ಮೇಲೆ ಏಣಿ ಹತ್ತಿ ಕನೆಕ್ಟರ್ ಬಿಚ್ಚಿದಾಗ ಅದರೊಳಗಿಂದ ಹಸಿರು ಪುಡಿ ಉದುರಿತು, ಕೇಬಲ್ಲಿನ ತಾಮ್ರದ ಹೆಣಿಗೆ ಒಂದು ಗೇಣಿನಷ್ಟು ದೂರ ಕರ್ರಗಾಗಿತ್ತು, ಬೆರಳಿನಿಂದ ಉಜ್ಜಿದರೆ ಎಳೆಗಳು ಮುರಿಯುತ್ತಿದ್ದವು.

ಹಾಗಿದ್ದರೂ ಮೀಟರು ಒಳ್ಳೆಯದನ್ನೇ ಏಕೆ ತೋರಿಸಿತು? 100 ವ್ಯಾಟ್ ಹೊರಟಿತೆಂದುಕೊಳ್ಳಿ. 3 ಡೆಸಿಬೆಲ್ ನಷ್ಟದ ಕೇಬಲ್ಲಿನಲ್ಲಿ 50 ಮಾತ್ರ ಮೇಲಕ್ಕೆ ತಲುಪುತ್ತದೆ. ಅಲ್ಲಿ ಎಸ್‌ಡಬ್ಲ್ಯುಆರ್ ಮೂರಿದ್ದರೆ 12.5 ಹಿಂದಿರುಗಿ, ಇಳಿಯುವ ದಾರಿಯಲ್ಲಿ ಮತ್ತೆ ಅರ್ಧವಾಗಿ, ಮೀಟರಿಗೆ ಸಿಗುವುದು 6.25 ವ್ಯಾಟ್ ಅಷ್ಟೆ. ಮೀಟರು ಅದನ್ನು 1.67 ಎಂದು ಓದುತ್ತದೆ. ಕೇಬಲ್ ಕೆಟ್ಟಷ್ಟೂ ಮುಳ್ಳು ಒಂದರ ಕಡೆಗೆ ಸರಿಯುತ್ತದೆ. ಆದ್ದರಿಂದ ಮುಳ್ಳು ಇಳಿದಿರುವುದನ್ನೇ ಆಂಟೆನಾ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗಿ ಹಿಡಿಯುವ ನಮ್ಮ ರೂಢಿಯನ್ನು ನಾನು ಒಪ್ಪುವುದಿಲ್ಲ.

ನೀವು ಮಾಡಬೇಕಾದ ಪರೀಕ್ಷೆ ಸರಳವಾಗಿದೆ. ಮೇಲಿನ ತುದಿಯಲ್ಲಿ ಆಂಟೆನಾ ಬಿಚ್ಚಿ ಕೇಬಲ್ಲನ್ನು ಹಾಗೆಯೇ ತೆರೆದಿಡಿ. ಟ್ರಾನ್ಸ್‌ಮಿಟರ್ ಹಚ್ಚದೆ, ಕೆಳಗಿನ ತುದಿಗೆ ಆಂಟೆನಾ ಅನಲೈಸರ್ ಜೋಡಿಸಿ ರಿಟರ್ನ್ ಲಾಸ್ (ಕಳಿಸಿದ ಅಲೆಗಿಂತ ಮರಳಿದ ಅಲೆ ಎಷ್ಟು ಡೆಸಿಬೆಲ್ ಕಡಿಮೆ ಎಂಬುದು) ಓದಿ. ಅಲೆ ಹೋಗುವಾಗಲೂ ಬರುವಾಗಲೂ ಕೇಬಲ್ಲನ್ನು ದಾಟುವುದರಿಂದ, ಬಂದ ಅಂಕಿಯನ್ನು ಎರಡರಿಂದ ಭಾಗಿಸಿ. 6 ಡೆಸಿಬೆಲ್ ಬಂದರೆ ನಿಮ್ಮ ಕೇಬಲ್ ಒಂದೇ ದಿಕ್ಕಿನಲ್ಲಿ 3 ಡೆಸಿಬೆಲ್ ತಿನ್ನುತ್ತಿದೆ ಎಂದರ್ಥ.