ಉಜ್ಜುವ ಮೊದಲು ಸ್ವಲ್ಪ ಕಾಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುವ ದಿನಗಳು. ಬಹಳ ದಿನ ಮುಚ್ಚಿದ್ದ ಕಿಟಕಿ ತೆಗೆದರೆ ಸಾಕು, ಒಳಗೆ ಬಂದ ಬೆಳಕು ಮೊದಲು ಮಾಡುವ ಕೆಲಸವೇ ಚಾಡಿ ಹೇಳುವುದು. ಫ್ಯಾನಿನ ರೆಕ್ಕೆಯ ಮೇಲೆ ಇಷ್ಟು ಧೂಳು, ಬೀರುವಿನ ನೆತ್ತಿಯ ಮೇಲೆ ಅಷ್ಟು, ಮೂಲೆಯಲ್ಲಿ ಜೇಡರಬಲೆ. ಇದುವರೆಗೆ ಇಡೀ ಮನೆ ಸ್ವಚ್ಛ ಮಾಡುವ ಗೋಜಿಗೆ ಹೋಗದೆ, ಈ ಸಲ ನೋಡೇಬಿಡೋಣ ಎಂದು ಸೊಂಟ ಕಟ್ಟಿರುವವರಿಗೆ ಇವತ್ತಿನ ಮಾತು. ಪಳಗಿದ ಕೈಯವರು ಬೇಕಾದರೆ ನನ್ನ ತಪ್ಪು ಹುಡುಕುತ್ತ ಕೇಳಬಹುದು.

ನಾನು ಮೊದಲ ಸಲ ಹೊರಟಾಗ ಭಾನುವಾರ ಬೆಳಿಗ್ಗೆಯೇ ಮನೆಯಲ್ಲಿದ್ದ ಬೀರುಗಳನ್ನೆಲ್ಲ ಒಟ್ಟಿಗೆ ಬರಿದು ಮಾಡಿಬಿಟ್ಟೆ. ಮಧ್ಯಾಹ್ನ ನೋಡಿದರೆ ನೆಲದ ಮೇಲೆ ಕಾಲು ಚಾಚಿ ಹಳೇ ಫೋಟೋ ನೋಡುತ್ತ ಕೂತಿದ್ದೆ. ರಾತ್ರಿ ಮಲಗೋಣವೆಂದರೆ ಮಂಚದ ತುಂಬ ಬಟ್ಟೆಯ ಗುಡ್ಡೆ. ಅಂದಿನಿಂದ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ಒಂದು ಕಪಾಟು ತೆಗೆದರೆ ಅದನ್ನು ಒರೆಸಿ, ಜೋಡಿಸಿ, ಬಾಗಿಲು ಹಾಕುವವರೆಗೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಫೋಟೋ, ಪತ್ರ, ಮಕ್ಕಳ ಹಳೇ ಚಿತ್ರಗಳಿಗೆ ಬೇರೆಯೇ ದಿನ. ಅವುಗಳ ಮುಂದೆ ಯಾರ ಹಟವೂ ನಿಲ್ಲುವುದಿಲ್ಲ.

ಬೇಡದ್ದನ್ನು ಮೊದಲು ಹೊರಗೆ ಹಾಕಿ. ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಬೆಳೆಸುವುದಿಲ್ಲ. ಅವಧಿ ಮುಗಿದ ಔಷಧಿಗಳನ್ನು ಮಾತ್ರ ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಚೀಲದಲ್ಲಿ ಕಟ್ಟಿಡಿ.

ಇನ್ನು ಧೂಳಿನ ಸಂಗತಿ. ಹೊಸಬರು ಎಡವುವುದು ಇಲ್ಲೇ. ಸ್ವಚ್ಛತೆ ಅಂದ ಕೂಡಲೇ ಬಕೆಟ್ಟಿಗೆ ನೀರು ಹಿಡಿಯುತ್ತಾರೆ. ದಪ್ಪ ಧೂಳಿನ ಮೇಲೆ ನೀರು ಸುರಿವ ಬಟ್ಟೆ ಎಳೆದರೆ ಆಗುವುದು ಕೆಸರು. ಬರಿಯ ಪೊರಕೆ ಬೀಸಿದರೆ ಧೂಳು ಹಾರಿ, ಅರ್ಧ ಗಂಟೆ ಗಾಳಿಯಲ್ಲಿ ಆಟವಾಡಿ, ಮತ್ತೆ ಬಂದು ಕೂರುತ್ತದೆ. ಗಟ್ಟಿಯಾಗಿ ಹಿಂಡಿದ, ತೇವ ಇದೆಯೋ ಇಲ್ಲವೋ ಅನ್ನುವಂಥ ಬಟ್ಟೆ ಬೇಕು. ಮೈಕ್ರೋಫೈಬರ್ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಅದರ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳು ತಲೆಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು. ಆ ಎಳೆಗಳನ್ನು ಸೀಳಿಯೂ ಇರುತ್ತಾರೆ, ಸೀಳಿನ ಸಂದಿಯಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆ. ಈ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಅದರ ಪದರ ಎಳೆಗಳನ್ನು ಮೆತ್ತಿಬಿಟ್ಟರೆ ಧೂಳು ಹಿಡಿಯುವ ಗುಣ ಹೋಗುತ್ತದೆ.

ಶುರು ಮಾಡುವುದು ಸೂರಿನಿಂದ, ಮುಗಿಸುವುದು ನೆಲದಲ್ಲಿ. ಧೂಳು ಕೆಳಕ್ಕೇ ಬೀಳುವುದರಿಂದ ನೆಲ ಒರೆಸಿ ಆಮೇಲೆ ಫ್ಯಾನಿಗೆ ಕೈ ಹಾಕಿದವರು ನೆಲವನ್ನು ಎರಡು ಸಲ ಒರೆಸುತ್ತಾರೆ. ಫ್ಯಾನಿನ ಸ್ವಿಚ್ ಆರಿಸಿ, ರೆಕ್ಕೆಗೆ ಹಳೇ ದಿಂಬಿನ ಚೀಲ ತೊಡಿಸಿ, ಒತ್ತಿ ಹಿಡಿದು ಹಿಂದಕ್ಕೆ ಎಳೆಯಿರಿ. ಧೂಳೆಲ್ಲ ಚೀಲದೊಳಗೆ, ನಿಮ್ಮ ತಲೆಯ ಮೇಲಲ್ಲ. ಹತ್ತುವುದಕ್ಕೆ ಗಟ್ಟಿ ಏಣಿ ಇರಲಿ, ಹಿಡಿಯಲು ಒಬ್ಬರಿರಲಿ. ಚಕ್ರದ ಕುರ್ಚಿ ಹತ್ತುವ ಧೈರ್ಯ ಬೇಡವೇ ಬೇಡ.

ಈಗ ನಾನು ಹೇಳಲೇಬೇಕೆಂದು ಬಂದ ಮಾತು. ಕೊಳೆ ಹೋಗುವುದು ತೋಳಿನ ಬಲದಿಂದ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. 1959ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ ಈ ಕೆಲಸವನ್ನು ಒಂದು ವೃತ್ತದಲ್ಲಿ ಬರೆದು ತೋರಿಸಿದರು. ಅದರಲ್ಲಿ ನಾಲ್ಕು ಪಾಲು: ಸೋಪಿನಂಥ ರಾಸಾಯನಿಕ, ಬಿಸಿ, ಉಜ್ಜಾಟ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಅದರ ಹೊರೆ ಹೊರಬೇಕು. ತಿರುಗಿಸಿ ಹೇಳಿದರೆ, ಸಮಯದ ಪಾಲು ಹೆಚ್ಚಿಸಿದಷ್ಟೂ ನಿಮ್ಮ ಭುಜದ ಪಾಲು ಇಳಿಯುತ್ತದೆ. ಹೊಸಬರು ಸಿಂಪಡಿಸಿದ ಮರುಕ್ಷಣವೇ ಉಜ್ಜಲು ಹತ್ತುತ್ತಾರೆ. ಪಳಗಿದವರು ಸಿಂಪಡಿಸಿ, ಬೇರೆ ಕೋಣೆಗೆ ಹೋಗಿ ಇನ್ನೊಂದು ಕೆಲಸ ಮುಗಿಸಿ ಬರುತ್ತಾರೆ. ಒಲೆಯ ಬರ್ನರುಗಳನ್ನು ರಾತ್ರಿಯೇ ಬಿಸಿ ಸೋಪು ನೀರಿನಲ್ಲಿ ನೆನೆಹಾಕಿ ಮಲಗಿದರೆ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ ಒಂದೇ ಸಾಕಾಗುತ್ತದೆ.

ಯಾವ ಕೊಳೆಗೆ ಏನು ಹಾಕಬೇಕೆಂಬುದೂ ಕಷ್ಟವಲ್ಲ. ಅಡುಗೆಮನೆಯ ಎಣ್ಣೆ ಜಿಡ್ಡಿಗೆ ಕ್ಷಾರ ಬೇಕು: ಸೋಪು, ವಾಷಿಂಗ್ ಸೋಡ. ಬಚ್ಚಲ ನಲ್ಲಿ, ಷವರಿನ ಮೇಲೆ ಕೂತ ಬಿಳಿ ಗಟ್ಟಿ ಕಲೆಗೆ ಆಮ್ಲ ಬೇಕು. ಅದು ಗಡಸು ನೀರು ಬಿಟ್ಟುಹೋದ ಕ್ಯಾಲ್ಸಿಯಂ ಕಾರ್ಬೋನೇಟ್. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಕಲೆ ತಾನಾಗಿ ಸಡಿಲವಾಗುತ್ತದೆ. ಆದರೆ ಅಮೃತಶಿಲೆಯ ಹತ್ತಿರ ಆಮ್ಲ ಒಯ್ಯಬೇಡಿ. ಅಮೃತಶಿಲೆಯೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್, ಕಲೆಯ ಜೊತೆ ಕಲ್ಲೂ ಕರಗುತ್ತದೆ. ವಿನೆಗರಿನ ಬಟ್ಟೆಯನ್ನು ಅಮೃತಶಿಲೆಯ ಹಲಗೆಯ ಮೇಲೆ ಮರೆತು ಹೋಗಿ ನಾನು ಮೂಡಿಸಿದ ಮಂಕು ಗುರುತು ಇನ್ನೂ ಇದೆ. ಬಂದವರು ನೋಡದಿರಲೆಂದು ಅದರ ಮೇಲೊಂದು ಹೂದಾನಿ ಕೂತಿದೆ.

ಅಡುಗೆ ಸೋಡಕ್ಕೆ ವಿನೆಗರ್ ಸುರಿದು ಬುಸುಬುಸು ನೊರೆ ಬರಿಸುವ ವಿಡಿಯೋ ನೋಡಿರುತ್ತೀರಿ. ನೋಡಲು ಚಂದ. ಕ್ಷಾರವೂ ಆಮ್ಲವೂ ಒಂದನ್ನೊಂದು ಮುಗಿಸಿಕೊಂಡ ಮೇಲೆ ಉಳಿಯುವುದು ನೀರು, ಸ್ವಲ್ಪ ಸೋಡಿಯಂ ಅಸಿಟೇಟ್, ಗಾಳಿಗೆ ಹಾರಿದ ಇಂಗಾಲದ ಡೈಆಕ್ಸೈಡ್. ಎರಡನ್ನೂ ಬೇರೆಬೇರೆಯಾಗಿ ಬಳಸಿದರೆ ಎರಡೂ ದುಡಿಯುತ್ತವೆ. ಬೆರೆಸಿದರೆ ನೊರೆ ಒಂದೇ ಲಾಭ.

ಆ ಬೆರಕೆಯಿಂದ ಆಗುವ ನಷ್ಟ ಒಂದಿಷ್ಟು ಸೋಡ ಮಾತ್ರ. ಬ್ಲೀಚ್ ಹಾಗಲ್ಲ. ಈ ಮಾತನ್ನು ದಯವಿಟ್ಟು ಕೆಲಸ ನಿಲ್ಲಿಸಿ ಕೇಳಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆಗಾಗಲಿ, ವಿನೆಗರ್ ಜೊತೆಗಾಗಲಿ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಅನಿಲ. ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಎರಡು ಅನಿಲಗಳೂ ಶ್ವಾಸಕೋಶಕ್ಕೆ ಅಪಾಯ, ಅದರಲ್ಲೂ ಚಿಕ್ಕ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಉಜ್ಜುತ್ತಿರುವವರಿಗೆ. ಕಣ್ಣು ಉರಿದು ಗಂಟಲು ಕೆರೆದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಬ್ಲೀಚ್ ಬಳಸುವ ದಿನ ತಣ್ಣೀರು, ಕೈಗವಸು, ತೆರೆದ ಕಿಟಕಿ, ಬೇರೆ ಯಾವ ಬಾಟಲಿಯೂ ಬೇಡ. ಇನ್ನೊಂದು ಸಂಗತಿ, ಬ್ಲೀಚ್ ಕೊಳೆ ತೆಗೆಯುವ ಸಾಮಾನಲ್ಲ, ರೋಗಾಣು ಕೊಲ್ಲುವ ಸಾಮಾನು. ಕೊಳೆಯನ್ನು ಸೋಪಿನಿಂದ ತೆಗೆದು, ಸೋಪು ಹೋಗುವಂತೆ ತೊಳೆದು, ಆಮೇಲೆ ಬ್ಲೀಚ್ ನೀರು ಹಚ್ಚಿ, ಲೇಬಲ್ಲಿನಲ್ಲಿ ಹೇಳಿದಷ್ಟು ನಿಮಿಷ ಒದ್ದೆಯಾಗಿಯೇ ಬಿಡಬೇಕು. ನೋಡಿ, ಇಲ್ಲೂ ಕಾಯುವುದೇ ಬಂತು.

ಮಲಗುವ ಕೋಣೆಗೆ ಬರೋಣ. ಹಾಸಿಗೆಯಲ್ಲಿ ಧೂಳಿನ ನುಸಿಗಳಿರುತ್ತವೆ, ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕವು. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಚೂರು ತಿಂದು ಬದುಕುತ್ತವೆ. ಅವುಗಳ ಹಿಕ್ಕೆಯಿಂದಲೇ ಎಷ್ಟೋ ಜನರಿಗೆ ಬೆಳಗಿನ ಸೀನು, ಕೆಲವರಿಗೆ ಉಬ್ಬಸ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಅದಕ್ಕೇ ಕೋಣೆಗೆ ಒಣ ಗಾಳಿ ಆಡುವಂತೆ ಮಾಡಿ. ಎದ್ದ ಕೂಡಲೇ ಹೊದಿಕೆ ಮಡಚಿಡುವ ಶಿಸ್ತಿನವರು, ಹಾಸಿಗೆ ಆರಲೆಂದು ಸ್ವಲ್ಪ ಹೊತ್ತು ತೆರೆದಿಟ್ಟರೆ ತಪ್ಪೇನಿಲ್ಲ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಕಾರಣ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಿಟಕಿ ಗಾಜನ್ನು ಬಿಸಿಲು ನೇರವಾಗಿ ಬೀಳುವಾಗ ಒರೆಸಬೇಡಿ, ನೀರು ಬೇಗ ಆರಿ ಗೆರೆ ಉಳಿಯುತ್ತದೆ. ಟಿವಿ ಪರದೆಗೆ ಒಣ ಮೆತ್ತನೆ ಬಟ್ಟೆ ಸಾಕು. ಫ್ರಿಜ್ಜಿನ ಪ್ಲಗ್ ತೆಗೆದು, ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಒಮ್ಮೆ ಬಿಡಿಸಿ ನೋಡಿ. ಅಲ್ಲಿ ಕಪ್ಪು ಬೂಷ್ಟು ಮನೆ ಮಾಡಿರುತ್ತದೆ, ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ.

ಕೊನೆಗೆ ನೆಲ. ಬಾಗಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬನ್ನಿ, ಇಲ್ಲವಾದರೆ ಒದ್ದೆ ನೆಲದ ನಡುವೆ ನೀವೇ ಖೈದಿ. ನೀರು ಕಪ್ಪಾಯಿತೆಂದರೆ ಬದಲಿಸಿ. ಅದೇ ನೀರಿನಲ್ಲಿ ಮುಂದುವರಿದರೆ ಒಂದು ಕೋಣೆಯ ಕೊಳೆ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಇಷ್ಟಾದ ಮೇಲೆ ಒರೆಸಿದ ಬಟ್ಟೆಗಳನ್ನೂ ಒಗೆದು ಬಿಸಿಲಿಗೆ ಹರವಿ, ಬಕೆಟ್ಟು ತೊಳೆದು ಬೋರಲು ಹಾಕಿ. ಉಳಿದ ಬೀರುಗಳನ್ನು ನಾಳೆ ನೋಡಿಕೊಳ್ಳಬಹುದು.

ನಮಸ್ಕಾರ.